ಬಾಗಿಲಲ್ಲಿ ಕೇಳುವ ಪ್ರಶ್ನೆ: ಪಿಡುಗಿನ ಕಾಲದಲ್ಲಿ ಶಿಶುಪಾಲನಾ ಕೇಂದ್ರ ನಡೆಸುವ ಬಗೆ

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಂದು ಓಣಿಯಲ್ಲಿ ನಾನು 18 ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಎಲ್ಲರಿಗಿಂತ ಚಿಕ್ಕದಕ್ಕೆ ಆರು ತಿಂಗಳು, ದೊಡ್ಡವನಿಗೆ ಐದು ವರ್ಷ. ತಾಯಂದಿರಲ್ಲಿ ಹೆಚ್ಚಿನವರು ಜೀನ್ಸ್ ಹೊಲಿಯುವ ಘಟಕಗಳಿಗೆ ಹೋಗುತ್ತಾರೆ. ಉಳಿದವರದು ಮನೆಗೆಲಸ, ಹೋಟೆಲ್ ಕೆಲಸ, ಗಾರೆ ಕೆಲಸ. ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ.

2022ರ ಜನವರಿಯಲ್ಲಿ ಕೋವಿಡ್‌ನ ಮೂರನೇ ಅಲೆ ನಡೆಯುತ್ತಿತ್ತು. ಬಾಗಿಲಲ್ಲಿ ಜ್ವರ ನೋಡುವ ಯಂತ್ರ, ಸ್ಯಾನಿಟೈಸರ್ ಬಾಟಲಿ, ಗೋಡೆಯ ಮೇಲೆ ನಿಯಮಗಳ ಪಟ್ಟಿ ಎಲ್ಲವನ್ನೂ ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಎರಡು ವರ್ಷದ ಹುಡುಗನೊಬ್ಬ ಬಂದ. ಯಂತ್ರ ಜ್ವರವಿಲ್ಲ ಎಂದಿತು. ಮಧ್ಯಾಹ್ನದ ಹೊತ್ತಿಗೆ ಅವನ ಮೈ ಕೆಂಡವಾಗಿತ್ತು. ಕರೆ ಮಾಡಿದಾಗ ಅವನ ತಾಯಿ ಅಳುತ್ತಾ ಹೇಳಿದಳು: "ಅಕ್ಕಾ, ರಾತ್ರಿಯಿಂದಲೇ ಜ್ವರವಿತ್ತು. ಬೆಳಿಗ್ಗೆ ಔಷಧ ಕುಡಿಸಿ ಕರೆತಂದೆ. ಹೇಳಿದರೆ ನೀವು ವಾಪಸು ಕಳಿಸುತ್ತೀರಿ ಎಂದು ಹೇಳಲಿಲ್ಲ." ನಾಲ್ಕು ದಿನಗಳಲ್ಲಿ ಏಳು ಮಕ್ಕಳು, ಸಹಾಯಕಿಯರಿಬ್ಬರು, ಮತ್ತು ನಾನು ಹಾಸಿಗೆ ಹಿಡಿದೆವು. ಎಲ್ಲರೂ ಚೇತರಿಸಿಕೊಂಡೆವು. ಆದರೆ ಒಂದು ಮಗುವಿನ ಮನೆಯಲ್ಲಿದ್ದ ಅಜ್ಜಿ ಆಸ್ಪತ್ರೆ ಸೇರಿದರು.

ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸುಳ್ಳು ಹೇಳದೆ ಬೇರೆ ದಾರಿಯಿಲ್ಲದಂಥ ನಿಯಮ ಮಾಡಿಟ್ಟವಳು ನಾನೇ. ಈ ಲೇಖನದಲ್ಲಿ ಬ್ಲೀಚಿಂಗ್ ಪುಡಿಯ ಲೆಕ್ಕವಿದೆ, ಕಿಟಕಿಯ ಮಾತಿದೆ, ಕೈ ತೊಳೆಯುವ ಕ್ರಮವಿದೆ. ಇವೆಲ್ಲವೂ ಬೇಕು. ಆದರೆ ಬಾಗಿಲಲ್ಲಿ ನಿಂತ ತಾಯಿ ನಿಜ ಹೇಳುವಂತಿರಬೇಕು. ಅದಿಲ್ಲದಿದ್ದರೆ ಉಳಿದದ್ದು ಅರ್ಧ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನನ್ನಂತೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೂ, ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗಳ ಆರೈಕೆದಾರರಿಗೂ, ಗಂಗಾವತಿಯ ಅಕ್ಕಿ ಗಿರಣಿಗಳ ಸುತ್ತ, ಸಿಂಧನೂರು–ಮಾನ್ವಿಯ ಹತ್ತಿ ಹೊಲಗಳ ಕಡೆ ಮಕ್ಕಳನ್ನು ಕಾಯುವ ಅಜ್ಜಿಯರಿಗೂ ಇದು ಉಪಯೋಗಕ್ಕೆ ಬರಲಿ.

ಮೊದಲ ಹೆಜ್ಜೆ: ರೋಗ ಬರುವ ಮೊದಲೇ ಪಾಲಕರೊಂದಿಗೆ ಮಾತು

ಪಿಡುಗಿನ ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಪಾಲಕರನ್ನು ಕರೆಯಿರಿ. ಹತ್ತು ಹತ್ತು ಜನರಂತೆ, ಬಯಲಿನಲ್ಲಿ ಅಥವಾ ಕಟ್ಟೆಯ ಮೇಲೆ ಕೂರಿಸಿ. ಅಪ್ಪಂದಿರನ್ನೂ ಕರೆಯಿರಿ. ಮಗುವಿಗೆ ಜ್ವರ ಬಂದ ದಿನ ಮನೆಯಲ್ಲಿ ಉಳಿಯುವವರು ಯಾರು ಎಂಬ ಪ್ರಶ್ನೆಗೆ ತಾಯಿಯೊಬ್ಬಳೇ ಉತ್ತರ ಹುಡುಕಬೇಕಾಗಿಲ್ಲ.

ಆ ಪ್ರಶ್ನೆಯನ್ನು ಪ್ರತಿ ಮನೆಯವರಿಗೂ ನೇರವಾಗಿ ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲು ಯಾರು, ಅವರಿಗೆ ಆಗದಿದ್ದರೆ ಯಾರು, ಇಬ್ಬರ ಫೋನ್ ಸಂಖ್ಯೆ. ಅಜ್ಜಿ ಅಥವಾ ತಾತ ಎಂದರೆ ಅವರ ವಯಸ್ಸು, ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ ಇದೆಯೇ ಎಂದು ವಿಚಾರಿಸಿ. ಕೋವಿಡ್‌ನಂಥ ರೋಗದಲ್ಲಿ ಮಗುವಿಗೆ ಎರಡು ದಿನದ ಜ್ವರವಾಗಿ ಹೋಗುವುದು ಅಂಥವರ ಜೀವಕ್ಕೇ ಎರವಾಗಬಹುದು.

ನಾನು ಎರಡು ನಿಯಮ ಬದಲಿಸಿದೆ. ಕಾಯಿಲೆಯಿಂದ ಮಗು ಬಾರದ ದಿನಕ್ಕೆ ಶುಲ್ಕವಿಲ್ಲ. ಬಾಗಿಲಿಗೆ ಬಂದು ನಿಜ ಹೇಳಿ ವಾಪಸಾದ ತಾಯಿಗೆ ಗದರಿಕೆಯಿಲ್ಲ, ಉಪದೇಶವೂ ಇಲ್ಲ. ತಿಂಗಳಿಗೆ ನನಗೆ ಒಂದಿಷ್ಟು ಹಣ ಕಡಿಮೆಯಾಯಿತು. ಆದರೆ ಕೇಂದ್ರವನ್ನು ಎರಡು ವಾರ ಮುಚ್ಚಿದಾಗ ಆದ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಜೊತೆಗೆ, ಒಂದೇ ಓಣಿಯ ತಾಯಂದಿರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದೆವು. ಒಬ್ಬಳಿಗೆ ಅನಿವಾರ್ಯವಾಗಿ ಮನೆಯಲ್ಲಿ ಉಳಿಯಬೇಕಾದರೆ ಇನ್ನೊಬ್ಬಳು ಘಟಕದ ಮೇಸ್ತ್ರಿಗೆ ಸುದ್ದಿ ಮುಟ್ಟಿಸುತ್ತಾಳೆ, ಬರುವಾಗ ರೇಷನ್ ತಂದುಕೊಡುತ್ತಾಳೆ. ಸಣ್ಣ ಆಸರೆ, ಆದರೆ ಔಷಧ ಕುಡಿಸಿ ಕರೆತರುವುದು ಬಹುಮಟ್ಟಿಗೆ ನಿಂತದ್ದು ಇದರ ನಂತರವೇ.

ಕೇಂದ್ರಗಳನ್ನು ಮುಚ್ಚುವಂತೆ ಸರ್ಕಾರ ಆದೇಶಿಸಿದರೆ ಮುಚ್ಚಲೇಬೇಕು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಅಂಗನವಾಡಿಗಳಿಗೆ ಮಕ್ಕಳು ಮರಳಿದ್ದು 2021ರ ನವೆಂಬರ್‌ನಲ್ಲಿ. ಅಷ್ಟು ಕಾಲ ಮಕ್ಕಳು ಎಲ್ಲಿದ್ದರು ಎಂಬುದನ್ನು ಓಣಿಯಲ್ಲಿದ್ದವರು ನೋಡಿದ್ದೇವೆ: ಹೊಲಿಗೆ ಯಂತ್ರಗಳ ಕೆಳಗೆ, ಹೊಲದ ಬದುವಿನಲ್ಲಿ, ಏಳು ವರ್ಷದ ಅಕ್ಕನ ಸೊಂಟದ ಮೇಲೆ. ಸುರಕ್ಷಿತವಾಗಿ ತೆರೆದಿಡಲು ಸಾಧ್ಯವಿರುವ ದಿನಗಳಲ್ಲಿ ಕೇಂದ್ರ ತೆರೆದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಗಿಲಲ್ಲಿ

ಮಗುವನ್ನು ಬಿಡಲು ಬಂದವರು ಒಳಗೆ ಬರುವುದು ಬೇಡ. ಚಪ್ಪಲಿ ಹೊರಗೆ, ಬೀಳ್ಕೊಡುಗೆ ಕಟ್ಟೆಯ ಮೇಲೆ. ಎಲ್ಲರೂ ಒಂದೇ ಹೊತ್ತಿಗೆ ಮುತ್ತಿಕೊಳ್ಳದಂತೆ ಹತ್ತು ನಿಮಿಷಗಳ ಅಂತರದಲ್ಲಿ ಸಮಯ ಹಂಚಿಕೊಡಿ.

"ಜ್ವರ ಇದೆಯೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ನಾನು ಈಗ ಬೇರೆ ರೀತಿ ಕೇಳುತ್ತೇನೆ: "ರಾತ್ರಿ ನಿದ್ದೆ ಹೇಗಿತ್ತು? ಬೆಳಿಗ್ಗೆ ಏನು ತಿಂದಿತು? ಯಾವುದಾದರೂ ಔಷಧ ಕೊಟ್ಟಿರಾ, ಎಷ್ಟು ಗಂಟೆಗೆ? ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇ?" ಔಷಧದ ಪ್ರಶ್ನೆ ಬಹಳ ಮುಖ್ಯ. ಪ್ಯಾರಸಿಟಮಾಲ್ ಕುಡಿಸಿದ ಮೇಲೆ ನಾಲ್ಕರಿಂದ ಆರು ಗಂಟೆ ಜ್ವರ ಅಡಗಿರುತ್ತದೆ. ಆ ಹೊತ್ತಿನಲ್ಲಿ ಯಾವ ಯಂತ್ರವೂ ನಿಮಗೆ ನಿಜ ಹೇಳುವುದಿಲ್ಲ.

ಹಣೆಗೆ ಹಿಡಿಯುವ ಯಂತ್ರದ ಬಗ್ಗೆ ನಮ್ಮ ಸೀಮೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ಬೇಸಿಗೆಯಲ್ಲಿ ಅಪ್ಪನ ಬೈಕಿನ ಮುಂದೆ ಕುಳಿತು ಬಿಸಿಲಲ್ಲಿ ಬಂದ ಮಗುವಿನ ಹಣೆ ಹೇಗೂ ಸುಡುತ್ತಿರುತ್ತದೆ. ನೆರಳಿನಲ್ಲಿ ಹದಿನೈದು ನಿಮಿಷ ಕೂರಿಸಿ, ನೀರು ಕುಡಿಸಿ, ಆಮೇಲೆ ನೋಡಿ. ಅನುಮಾನ ಬಂದರೆ ಕಂಕುಳಲ್ಲಿ ಇಡುವ ಡಿಜಿಟಲ್ ಥರ್ಮಾಮೀಟರ್ ಬಳಸಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಗು ಮನೆಗೆ. ಕಂಕುಳಲ್ಲಿ ಬರುವ ಅಳತೆ ಮೈಯ ಒಳಗಿನ ಬಿಸಿಗಿಂತ ತುಸು ಕಡಿಮೆಯೇ ಇರುತ್ತದೆ. ಆದ್ದರಿಂದ 99.5 ದಾಟಿ, ಮಗು ಮಂಕಾಗಿಯೂ ಇದ್ದರೆ ಅದನ್ನು ಜ್ವರವೆಂದೇ ತಿಳಿಯಿರಿ. ಪ್ರತಿ ಮಗುವಿನ ನಂತರ ಥರ್ಮಾಮೀಟರನ್ನು ಸ್ಯಾನಿಟೈಸರ್ ಹತ್ತಿಯಿಂದ ಒರೆಸಬೇಕು.

ಹೊಸದಾಗಿ ಶುರುವಾದ ಕೆಮ್ಮು, ವಾಂತಿ, ಭೇದಿ, ಮೈಮೇಲೆ ಗುಳ್ಳೆ, ಕೆಂಪಾದ ಕಣ್ಣು, ಎಂದಿನಂತೆ ಹಾಲು ಕುಡಿಯದಿರುವುದು: ಇವುಗಳಲ್ಲಿ ಒಂದಿದ್ದರೂ ಪಿಡುಗಿನ ಕಾಲದಲ್ಲಿ ಮಗು ಮನೆಯಲ್ಲಿರಲಿ. ಬರೀ ಮೂಗು ಸೋರುವ ಮಗುವನ್ನು ಏನು ಮಾಡಬೇಕೆಂಬುದು ಕಷ್ಟದ ಪ್ರಶ್ನೆ. ಧೂಳಿನ ಊರುಗಳಲ್ಲಿ ವರ್ಷವಿಡೀ ಮೂಗು ಸೋರುವ ಮಕ್ಕಳಿದ್ದಾರೆ. ಅಂಥವರ ಹೆಸರನ್ನು ಮೊದಲೇ ಪುಸ್ತಕದಲ್ಲಿ ಗುರುತು ಮಾಡಿಕೊಂಡಿರಿ. ಆ ಮಗುವಿಗೆ ಅದು ದಿನದ ಸ್ಥಿತಿಯೇ, ಇಂದು ಹೊಸದೇ ಎಂದು ಆಗ ಗೊತ್ತಾಗುತ್ತದೆ. ಹೊಸದಾದರೆ ಮನೆಗೆ.

ಗಾಳಿ: ಎಲ್ಲಕ್ಕಿಂತ ಹೆಚ್ಚು ಗಮನ ಇಲ್ಲಿ ಕೊಡಿ

2020ರಲ್ಲಿ ನಾವೆಲ್ಲ ತರಕಾರಿಯನ್ನು ಸೋಪಿನಲ್ಲಿ ತೊಳೆದೆವು, ಬಾಗಿಲ ಚಿಲಕಕ್ಕೆ ಔಷಧ ಸಿಂಪಡಿಸಿದೆವು. ಕೆಲವು ಊರುಗಳಲ್ಲಿ ಮನುಷ್ಯರ ಮೇಲೆಯೇ ಕ್ಲೋರಿನ್ ನೀರು ಸಿಂಪಡಿಸಿದರು. ಹಾಗೆ ಎಂದೂ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿತು. ಕಣ್ಣು ಉರಿಯುತ್ತದೆ, ಶ್ವಾಸಕೋಶಕ್ಕೆ ಹಾನಿ, ರೋಗ ನಿಲ್ಲುವುದಿಲ್ಲ. ಕೋವಿಡ್, ಇನ್‌ಫ್ಲುಯೆಂಜಾ, ದಡಾರ ಇವೆಲ್ಲ ಹರಡುವುದು ಹೆಚ್ಚಾಗಿ ಉಸಿರಿನಿಂದ. ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಉಸಿರನ್ನು ಉಳಿದ ಹದಿನೇಳು ಮಕ್ಕಳು ಇಡೀ ದಿನ ಸೇದುತ್ತಾರೆ.

ಹೀಗೆ ಮಾಡಿ. ಮಕ್ಕಳು ಬರುವ ಮೊದಲು ಊದುಬತ್ತಿ ಹಚ್ಚಿ ಪಡಸಾಲೆಯ ನಡುವೆ ನಿಲ್ಲಿ. ಹೊಗೆ ಒಂದು ಕಡೆಗೆ ಹರಿದು ಹೊರಗೆ ಹೋದರೆ ಗಾಳಿಯಾಡುತ್ತಿದೆ ಎಂದರ್ಥ. ಅಲ್ಲೇ ಮೇಲೆ ಸುತ್ತುತ್ತಾ ನಿಂತರೆ ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಎದುರುಬದುರಿನ ಕಿಟಕಿ, ಬಾಗಿಲುಗಳನ್ನು ತೆರೆಯಿರಿ. ಒಂದೇ ಕಡೆ ಕಿಟಕಿ ಇದ್ದರೆ ಟೇಬಲ್ ಫ್ಯಾನನ್ನು ಕಿಟಕಿಯ ಬಳಿ ಹೊರಮುಖವಾಗಿ ಇಡಿ. ಅದು ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ, ಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಆಮೇಲೆ ಮತ್ತೊಮ್ಮೆ ಊದುಬತ್ತಿ ಹಿಡಿದು ನೋಡಿ.

ನಮ್ಮ ಕಡೆ ಕಷ್ಟ ಶುರುವಾಗುವುದು ಮಾರ್ಚ್ ಮುಗಿಯುವಾಗ. 40 ಡಿಗ್ರಿ ಸೆಲ್ಸಿಯಸ್ ದಾಟಿದ ಮಧ್ಯಾಹ್ನ ಕಿಟಕಿ ತೆರೆದರೆ ಬರುವುದು ಬಿಸಿಗಾಳಿ. ಕೂಸುಗಳಿಗೆ ಅದೂ ಅಪಾಯ. ಇಲ್ಲಿ ಕೂಲರ್ ನಮ್ಮ ನೆರವಿಗೆ ಬರುತ್ತದೆ. ಎ.ಸಿ. ಯಂತ್ರ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಮತ್ತೆ ತಿರುಗಿಸುತ್ತದೆ. ನೀರಿನ ಕೂಲರ್ ಕಿಟಕಿಯ ಹೊರಗಿದ್ದರೆ ಹೊರಗಿನ ಗಾಳಿಯನ್ನು ತಂಪಾಗಿಸಿ ಒಳಗೆ ತರುತ್ತದೆ. ಅದನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸಿಕೊಂಡರೆ ಈ ಲಾಭ ಸಿಗದು. ಕಿಟಕಿಗೆ ಕೂರಿಸಿ, ಎದುರಿನ ಕಿಟಕಿಯನ್ನು ಅರ್ಧ ತೆರೆದಿಡಿ. ಕೂಲರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆಯನ್ನು ಉಜ್ಜಿ, ಒಣಗಿಸಿ ತುಂಬಿಸಿ. ಇಲ್ಲದಿದ್ದರೆ ಅಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ. ಅದರ ಮೊಟ್ಟೆ ಗೋಡೆಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು.

ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮಕ್ಕಳ ದಿನಚರಿಯನ್ನೂ ಬಿಸಿಲಿಗೆ ತಕ್ಕಂತೆ ತಿರುಗಿಸಿ. ಆಟ, ಹಾಡು, ಕುಣಿತ, ಕೂಗಾಟ ಎಲ್ಲವೂ ಬೆಳಿಗ್ಗೆ ಹತ್ತರೊಳಗೆ ಬೇವಿನ ಮರದ ಕೆಳಗೆ ಆಗಲಿ. ಕೂಗಿದಾಗ, ಹಾಡಿದಾಗಲೇ ಬಾಯಿಂದ ಹೆಚ್ಚು ಹನಿಗಳು ಹಾರುವುದು. ಒಳಗೆ ಇರುವ ಮಧ್ಯಾಹ್ನದ ಹೊತ್ತು ನಿದ್ದೆಗೆ, ಕತೆಗೆ, ಚಿತ್ರ ಬಿಡಿಸಲು ಇರಲಿ.

ಮಲಗಿಸುವಾಗ ಹಾಸಿಗೆಗಳ ನಡುವೆ ಮೂರು ಅಡಿಯಾದರೂ ಜಾಗ ಬಿಡಿ. ಒಬ್ಬರ ತಲೆ ಇರುವ ಕಡೆ ಪಕ್ಕದವರ ಕಾಲು ಬರಲಿ. ಜಾಗ ಸಾಲದಿದ್ದರೆ ಈ ತಲೆ–ಕಾಲಿನ ಕ್ರಮವೊಂದೇ ಮುಖಗಳ ನಡುವಿನ ದೂರವನ್ನು ಸಾಕಷ್ಟು ಹೆಚ್ಚಿಸುತ್ತದೆ.

ಗುಂಪು ಮಾಡುವುದು

ಹದಿನೆಂಟು ಮಕ್ಕಳನ್ನು ಒಂದೇ ರಾಶಿಯಾಗಿ ಬಿಡಬೇಡಿ. ಆರಾರು ಮಕ್ಕಳ ಮೂರು ಗುಂಪು, ಪ್ರತಿ ಗುಂಪಿಗೆ ಒಬ್ಬಳೇ ಆರೈಕೆದಾರಳು, ವಾರವಿಡೀ ಅದೇ ಗುಂಪು. ಅಣ್ಣ-ತಂಗಿಯರನ್ನು, ಒಂದೇ ವಠಾರದವರನ್ನು ಒಂದೇ ಗುಂಪಿಗೆ ಹಾಕಿ. ಹೇಗೂ ಸಂಜೆ ಅವರು ಒಟ್ಟಿಗೆ ಆಡುತ್ತಾರೆ. ಎರಡು ವರ್ಷದ ಮಕ್ಕಳಿಗೆ ದೂರ ನಿಲ್ಲಿ ಎಂದರೆ ಆಗುವ ಮಾತಲ್ಲ, ಹೇಳಲೂಬಾರದು. ಅವು ಅಪ್ಪಿಕೊಂಡೇ ಬೆಳೆಯಬೇಕು. ಗುಂಪಿನೊಳಗೆ ಅಪ್ಪಿಕೊಳ್ಳಲಿ, ಗುಂಪುಗಳ ನಡುವೆ ಗಡಿ ಇರಲಿ. ಒಂದು ಗುಂಪಿನಲ್ಲಿ ರೋಗ ಕಂಡರೆ ಆರು ಮನೆಗಳು ತೊಂದರೆಗೆ ಸಿಲುಕುತ್ತವೆ. ಗಡಿಯಿಲ್ಲದಿದ್ದರೆ ಹದಿನೆಂಟೂ ಸಿಲುಕುತ್ತವೆ.

ಕೈ ಮತ್ತು ನೀರು

ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಕೂತು ಹರಿಯುವ ನೀರಿನಲ್ಲಿ ಕೈ ತೊಳೆಯಿರಿ ಎಂದು ಬರೆಯುವುದು ಸುಲಭವಲ್ಲ. ನಾವು 20 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ತಳದಲ್ಲಿ ನಲ್ಲಿ ಹಾಕಿಸಿ, ಮಕ್ಕಳ ಎತ್ತರಕ್ಕೆ ಸ್ಟೂಲಿನ ಮೇಲೆ ಇಟ್ಟಿದ್ದೇವೆ. ಬಕೆಟ್ಟಿನಲ್ಲಿ ಎಲ್ಲರೂ ಕೈ ಅದ್ದುವುದು ಮಾತ್ರ ಸಲ್ಲದು. ಅದು ತೊಳೆದಂತಲ್ಲ, ಹಂಚಿಕೊಂಡಂತೆ. ಡ್ರಮ್ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಸುರಿಯಲಿ, ಇನ್ನೊಬ್ಬರು ಉಜ್ಜಿಸಲಿ. ಸೋಪಿನ ಬಿಲ್ಲೆ ಮಕ್ಕಳ ಕೈಯಿಂದ ಜಾರಿ ಮಣ್ಣು ಪಾಲಾಗುತ್ತದೆ. ಸೋಪನ್ನು ತುರಿದು ನೀರಿನಲ್ಲಿ ಕರಗಿಸಿ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಲ್ಲಿ ತುಂಬಿಟ್ಟರೆ ಒಂದು ಬಿಲ್ಲೆ ಬಹಳ ದಿನ ಬರುತ್ತದೆ.

ಉಜ್ಜುವುದು 20 ಸೆಕೆಂಡ್. ನಮ್ಮಲ್ಲಿ ಎಲ್ಲರೂ ಸೇರಿ ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುತ್ತೇವೆ. ಕೇಂದ್ರಕ್ಕೆ ಬಂದ ಕೂಡಲೇ, ಉಣ್ಣುವ ಮೊದಲು, ಬಚ್ಚಲಿನಿಂದ ಬಂದ ಮೇಲೆ, ಹೊರಗೆ ಆಡಿ ಬಂದ ಮೇಲೆ, ಮೂಗು ಒರೆಸಿದ ಮೇಲೆ. ಮಕ್ಕಳ ಕೈಗಿಂತ ನಮ್ಮ ಕೈ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬೇಡಿ: ಒಂದು ಕೂಸಿನ ಲಂಗೋಟಿ ಬದಲಿಸಿದ ಕೈಯೇ ಇನ್ನೊಂದು ಕೂಸಿಗೆ ಗಂಜಿ ಕಲಸುತ್ತದೆ.

ಸ್ಯಾನಿಟೈಸರ್ ಶೇ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದೇ ಆಗಬೇಕು, ದೊಡ್ಡವರ ಕೈಗೆ ಮಾತ್ರ. ಮಗು ಅದನ್ನು ಕುಡಿದರೆ ವಿಷ. ಒಲೆಯ ಹತ್ತಿರ ಬೆಂಕಿ ಹೊತ್ತಿಕೊಳ್ಳುತ್ತದೆ. ಮೇಲಿನ ಗೂಡಿನಲ್ಲಿ ಇಡಿ. ಭೇದಿ ತರುವ ಕೆಲವು ವೈರಸ್‌ಗಳಿಗೆ ಅದು ಸಾಲುವುದೂ ಇಲ್ಲ, ಸೋಪು ನೀರೇ ಬೇಕು.

ಕುಡಿಯುವ ನೀರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಉಸಿರಿನ ರೋಗಕ್ಕೆ ಹೆದರುತ್ತಾ ನೀರಿನ ರೋಗವನ್ನು ಮರೆಯುವುದು ಬೇಡ. ಮಕ್ಕಳಿಗೆ ಕುದಿಸಿ ಆರಿಸಿದ ನೀರು, ಹೆಸರು ಬರೆದ ಅವರವರ ಲೋಟ.

ಸೆರಗು, ಕಾಡಿಗೆ, ಊದಿ ಆರಿಸಿದ ತುತ್ತು

ಯಾವ ಸುತ್ತೋಲೆಯಲ್ಲೂ ನಾನು ಕಾಣದ ಮಾತುಗಳಿವು. ನನಗೆ ತಿಳಿದಂತೆ ನಮ್ಮ ಮನೆಗಳಲ್ಲಿ ರೋಗ ದಾಟುವ ದಾರಿಗಳಲ್ಲಿ ಇವೂ ಸೇರಿವೆ.

ನಾವು ಸೆರಗಿನಿಂದ ಮೂಗು ಒರೆಸುತ್ತೇವೆ. ಒಂದು ಮಗುವಿನ ಸಿಂಬಳ ಒರೆಸಿದ ತುದಿಯಿಂದಲೇ ಹತ್ತು ನಿಮಿಷದಲ್ಲಿ ಇನ್ನೊಂದರ ಬಾಯಿ ಒರೆಸುತ್ತೇವೆ. ಪ್ರೀತಿಯಿಂದಲೇ ಮಾಡುವ ಕೆಲಸ, ನನ್ನ ತಾಯಿಯೂ ಮಾಡಿದಳು. ಅದನ್ನು ನಿಲ್ಲಿಸಲು ನಾವು ಮಾಡಿದ ಉಪಾಯ ಇದು: ಹಳೆಯ ಹತ್ತಿ ಸೀರೆಯನ್ನು ಗೇಣುದ್ದದ ಚೌಕಗಳಾಗಿ ಕತ್ತರಿಸಿ ಒಂದು ಡಬ್ಬಿಯಲ್ಲಿ ಇಟ್ಟೆವು. ಒಂದು ಚೂರು, ಒಂದು ಮೂಗು, ನೇರವಾಗಿ ಮುಚ್ಚಳವಿರುವ ಬಕೆಟ್ಟಿಗೆ. ಸಂಜೆ ಸೋಪು ಹಾಕಿ ಕುದಿಸಿ, ಬಿಸಿಲಿಗೆ ಹರವಿದರೆ ಮರುದಿನಕ್ಕೆ ಸಿದ್ಧ. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡರೆ ಅಭ್ಯಾಸದ ಕೈ ಅದನ್ನು ಹುಡುಕುವುದೂ ಕಡಿಮೆಯಾಗುತ್ತದೆ.

ಒಂದೇ ಕಾಡಿಗೆ ಡಬ್ಬಿಯಿಂದ ಒಂದೇ ಬೆರಳಿನಲ್ಲಿ ಎಲ್ಲ ಮಕ್ಕಳ ಕಣ್ಣಿಗೆ ಹಚ್ಚುವುದು, ಒಂದೇ ಬಾಚಣಿಗೆ, ಒಂದೇ ಟವೆಲ್: ಮೂರನ್ನೂ ಇಂದೇ ನಿಲ್ಲಿಸಿ. ಕಣ್ಣು ಬೇನೆ ಒಂದು ದಿನದಲ್ಲಿ ಇಡೀ ಕೇಂದ್ರವನ್ನು ಸುತ್ತುವುದು ಹೀಗೆಯೇ.

ಬಿಸಿ ಅನ್ನವನ್ನು ಊದಿ ಆರಿಸುವುದು, ರೊಟ್ಟಿಯನ್ನು ಅಗಿದು ಮೆತ್ತಗೆ ಮಾಡಿ ಕೊಡುವುದು, ಒಂದೇ ಚಮಚದಿಂದ ಮೂವರಿಗೆ ಉಣಿಸುವುದು ಕೂಡ ಬೇಡ. ಅಗಲ ತಟ್ಟೆಯಲ್ಲಿ ಹರವಿದರೆ ಅನ್ನ ತಾನೇ ಆರುತ್ತದೆ. ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿದರೆ ಹಲ್ಲಿಲ್ಲದ ಬಾಯಿಗೂ ಸಲ್ಲುತ್ತದೆ. ಒಗ್ಗರಣೆ ಮಂಡಕ್ಕಿಯನ್ನು ಒಂದೇ ಹರಿವಾಣದಲ್ಲಿ ಸುರಿದು ಸುತ್ತ ಕೂರಿಸುವ ಬದಲು ಬಟ್ಟಲಿಗೆ ಹಾಕಿಕೊಡಿ.

ಹಾಲೂಡಿಸಲು ಮಧ್ಯಾಹ್ನ ಬರುವ ತಾಯಂದಿರನ್ನು ತಡೆಯಬೇಡಿ. ಕಟ್ಟೆಯ ಮೇಲೊಂದು ಪರದೆ ಕಟ್ಟಿ, ಕೈ ತೊಳೆಯಲು ನೀರಿಡಿ. ಅವರಿಗೇ ಕೋವಿಡ್ ಬಂದರೂ ಮನೆಯಲ್ಲಿ ಮಾಸ್ಕ್ ಹಾಕಿಕೊಂಡು, ಕೈ ತೊಳೆದು ಎದೆಹಾಲು ಮುಂದುವರಿಸಬಹುದು ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ನಿಲ್ಲಿಸಿದರೆ ಮಗುವಿಗೆ ನಷ್ಟವೇ ಹೆಚ್ಚು.

ಆಟಿಕೆ, ಕೌದಿ, ಬ್ಲೀಚಿಂಗ್ ಪುಡಿ

ಆಟಿಕೆಗಳಿಗೆ ಎರಡು ಬುಟ್ಟಿ ಇಡಿ. ಯಾವುದು ಬಾಯಿಗೆ ಹೋಯಿತೋ ಅದು ಕೂಡಲೇ ಕೆಂಪು ಬುಟ್ಟಿಗೆ. ಪ್ಲಾಸ್ಟಿಕ್, ಸ್ಟೀಲ್ ಆಟಿಕೆಗಳು ಸೋಪು ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಸಾಕು. ಕಿನ್ನಾಳದ ಬಣ್ಣದ ಮರದ ಗೊಂಬೆಗಳನ್ನು ನೆನೆಸಿದರೆ ಹಾಳಾಗುತ್ತವೆ, ಕ್ಲೋರಿನ್ ಸೋಕಿದರೆ ಬಣ್ಣ ಕೆಡುತ್ತದೆ. ಪಿಡುಗು ಮುಗಿಯುವವರೆಗೆ ಅವು ಮಕ್ಕಳಿಗೆ ಕಾಣುವಂತೆ ಗೂಡಿನ ಮೇಲಿರಲಿ. ಬಟ್ಟೆಯ ಗೊಂಬೆಗಳೂ ಅಷ್ಟೇ.

ಕೌದಿ ಅವರವರ ಮನೆಯದೇ ಇರಲಿ, ಮೂಲೆಯಲ್ಲಿ ಬಣ್ಣದ ದಾರದಿಂದ ಗುರುತು ಹೊಲಿಯಿರಿ. ಒಂದರ ಮೇಲೊಂದು ಪೇರಿಸದೆ ಬೇರೆ ಬೇರೆ ಚೀಲದಲ್ಲಿ ಇಡಿ. ಶನಿವಾರ ಮನೆಗೆ ಕೊಟ್ಟು, ಒಗೆದು ಬಿಸಿಲಿಗೆ ಹಾಕಿಸಿ ತರಿಸಿ.

ಬ್ಲೀಚಿಂಗ್ ಪುಡಿಯ ಲೆಕ್ಕ ಎಚ್ಚರದಿಂದ ಓದಿ. ಅಂಗಡಿಯಲ್ಲಿ ಸಿಗುವ ಹೊಸ ಪುಡಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. 10 ಲೀಟರ್ ನೀರಿಗೆ 30 ಗ್ರಾಂ ಪುಡಿ ಹಾಕಿದರೆ ಶೇ 0.1ರ ದ್ರಾವಣವಾಗುತ್ತದೆ. ನೆಲ, ಬಾಗಿಲ ಚಿಲಕ, ಬಚ್ಚಲಿಗೆ ಇಷ್ಟು ಸಾಕು. ವಾಂತಿ, ಭೇದಿ ಬಿದ್ದ ಜಾಗಕ್ಕೆ ಒಂದು ಲೀಟರಿಗೆ 15 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ 30 ಗ್ರಾಂ ತೂಗಿಸಿ, ಅದು ಹಿಡಿಯುವ ಹಳೆಯ ಮುಚ್ಚಳಕ್ಕೆ ಗೆರೆ ಎಳೆದು, ಆ ಮುಚ್ಚಳವನ್ನು ಪುಡಿಯ ಡಬ್ಬಿಗೆ ಕಟ್ಟಿಬಿಡಿ. ಅಂದಾಜಿನ ಹಿಡಿ ಬೇಡ. ಮೊದಲು ಸೋಪು ನೀರಿನಲ್ಲಿ ಕೊಳೆ ತೆಗೆಯಿರಿ. ಕೊಳೆಯ ಮೇಲೆ ಕ್ಲೋರಿನ್ ಕೆಲಸ ಮಾಡುವುದಿಲ್ಲ. ದ್ರಾವಣ ಹಚ್ಚಿ ಹತ್ತು ನಿಮಿಷ ಬಿಟ್ಟು, ಮಕ್ಕಳು ಮುಟ್ಟುವ ಜಾಗವನ್ನು ಸಾದಾ ನೀರಿನಿಂದ ಒರೆಸಿ. ದ್ರಾವಣವನ್ನು ದಿನದಿನ ಹೊಸದಾಗಿ ಕಲಸಿ. ಬಿಸಿಲು, ಸೆಕೆಗೆ ಅದರ ಶಕ್ತಿ ಬೇಗ ಹೋಗುತ್ತದೆ. ಕಲಸುವಾಗ ಮಕ್ಕಳು ಹತ್ತಿರ ಇರಬಾರದು. ಬಚ್ಚಲು ತೊಳೆಯುವ ಆಸಿಡ್ಡಿನ ಜೊತೆ ಎಂದೆಂದೂ ಬೆರೆಸಬಾರದು. ಬೆರೆಸಿದರೆ ಏಳುವ ಹೊಗೆ ಕೊಲ್ಲುವಂಥ ವಿಷ.

ಮಾಸ್ಕ್ ಮತ್ತು ಆರೈಕೆದಾರರು

ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡ. ಎರಡು ವರ್ಷದೊಳಗಿನವರಿಗೆ ಅದು ಉಸಿರು ಕಟ್ಟಿಸಬಹುದು. ಮಾಸ್ಕ್ ಹಾಕಬೇಕಾದವರು ನಾವು, ಮೂಗು ಮುಚ್ಚುವಂತೆ, ಬಾಗಿಲು ತೆಗೆದಾಗಿನಿಂದ ಕೊನೆಯ ಮಗು ಹೋಗುವವರೆಗೆ. ಊಟವನ್ನು ಹೊರಗೆ, ಒಬ್ಬೊಬ್ಬರಾಗಿ ಮಾಡಿ. ಆರೈಕೆದಾರರು ಒಟ್ಟಿಗೆ ಚಹಾ ಕುಡಿಯುವ ಹತ್ತು ನಿಮಿಷದಲ್ಲಿ ಗುಂಪುಗಳ ಗಡಿ ಅಳಿಸಿಹೋಗುತ್ತದೆ.

ಸಹಾಯಕಿಗೆ ಜ್ವರ ಬಂದರೆ ಅವಳೂ ಕೂಲಿಯ ಭಯದಿಂದಲೇ ಮುಚ್ಚಿಡುತ್ತಾಳೆ. ಕಾಯಿಲೆಯ ದಿನಗಳಿಗೆ ಸಂಬಳ ಕಡಿಯಬೇಡಿ. ಸರ್ಕಾರ ಲಸಿಕೆ ಕೊಡಲು ಶುರು ಮಾಡಿದ ಮೊದಲ ವಾರದಲ್ಲೇ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ಹಾಕಿಸಿ. ಇಷ್ಟು ಚಿಕ್ಕ ಮಕ್ಕಳಿಗೆ ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಕೊಡಲಿಲ್ಲ. ಅವರ ಸುತ್ತಲಿನ ದೊಡ್ಡವರು ಹಾಕಿಸಿಕೊಂಡಿದ್ದೇ ಅವರಿಗಿದ್ದ ರಕ್ಷಣೆ.

ನಡುಹಗಲಿನಲ್ಲಿ ಮಗುವಿಗೆ ಜ್ವರ ಬಂದರೆ

ಮಗುವನ್ನು ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಬೇಡಿ. ಗಾಳಿಯಾಡುವ ಕಟ್ಟೆಯ ಮೇಲೋ ಹಿತ್ತಿಲ ನೆರಳಿನಲ್ಲೋ ಅದರ ಕೌದಿ ಹಾಸಿ, ಅದೇ ಗುಂಪಿನ ಆರೈಕೆದಾರಳು ಮಾಸ್ಕ್ ಹಾಕಿಕೊಂಡು ಮಡಿಲಲ್ಲಿ ಇಟ್ಟುಕೊಂಡು ಕೂರಲಿ. ಪುಸ್ತಕದಲ್ಲಿರುವ ಸಂಖ್ಯೆಗೆ ಕರೆ ಮಾಡಿ. ನೀರು, ಹಾಲು ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ನಿಮ್ಮಷ್ಟಕ್ಕೆ ಔಷಧ ಕೊಡಬೇಡಿ. ಬೆಳಿಗ್ಗೆ ಮನೆಯಲ್ಲಿ ಕೊಟ್ಟಿದ್ದು ನಿಮಗೆ ಗೊತ್ತಿಲ್ಲದಿರಬಹುದು.

ಉಸಿರು ಎಣಿಸುವುದನ್ನು ಎಲ್ಲ ಆರೈಕೆದಾರರೂ ಕಲಿತಿರಬೇಕು. ಮಗು ಅಳದೆ ಇದ್ದಾಗ ಅಂಗಿ ಎತ್ತಿ, ಹೊಟ್ಟೆ ಏರುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳು ತುಂಬಿದ, ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಅದೇ ದಿನ ವೈದ್ಯರು ನೋಡಲೇಬೇಕು. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು, ಏನನ್ನೂ ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಬರುವುದು: ಇವುಗಳಲ್ಲಿ ಯಾವುದೇ ಕಂಡರೂ ಪಾಲಕರಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ. ಬರೀ ಸಲಹೆ ಬೇಕಾದರೆ 104 ಆರೋಗ್ಯ ಸಹಾಯವಾಣಿ ಇದೆ. ಓಣಿಯ ಆಶಾ ಕಾರ್ಯಕರ್ತೆಯ ಸಂಖ್ಯೆಯೂ ಗೋಡೆಯ ಮೇಲೆ ಇರಲಿ.

ಆ ಗುಂಪಿನ ಉಳಿದ ಐದು ಮನೆಗಳಿಗೆ ಅದೇ ಸಂಜೆ ತಿಳಿಸಿ. "ನಿಮ್ಮ ಮಗುವಿನ ಗುಂಪಿನಲ್ಲಿ ಒಂದು ಮಗುವಿಗೆ ಜ್ವರ ಬಂದಿದೆ, ಇಂಥಿಂಥ ಲಕ್ಷಣ ಕಂಡರೆ ಕರೆ ಮಾಡಿ" ಎಂದರೆ ಸಾಕು, ಹೆಸರು ಬೇಡ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದಕ್ಕಿಂತ ಒಬ್ಬೊಬ್ಬರಿಗೆ ಕರೆ ಮಾಡುವುದು ಒಳ್ಳೆಯದು. ಎಲ್ಲರ ಬಳಿ ಸ್ಮಾರ್ಟ್‌ಫೋನ್ ಇರುವುದಿಲ್ಲ. 2020ರಲ್ಲಿ ಸೋಂಕಿತರ ಮನೆಗೆ ತಗಡು ಹೊಡೆದದ್ದನ್ನು, ನೀರು ತುಂಬಲೂ ಬಿಡದಿದ್ದನ್ನು ಜನ ಮರೆತಿಲ್ಲ. ಒಮ್ಮೆ ಹೆಸರು ಹೊರಬಿದ್ದರೆ ಮುಂದೆ ಯಾವ ತಾಯಿಯೂ ನಿಮ್ಮ ಬಾಗಿಲಲ್ಲಿ ಬಾಯಿ ತೆರೆಯುವುದಿಲ್ಲ.

ಮರಳಿ ಬರುವಾಗ

ಎಷ್ಟು ದಿನ ಮನೆಯಲ್ಲಿರಬೇಕು ಎಂಬುದು ರೋಗದಿಂದ ರೋಗಕ್ಕೆ ಬದಲಾಗುತ್ತದೆ. ಆಯಾ ಕಾಲದಲ್ಲಿ ಆರೋಗ್ಯ ಇಲಾಖೆ ಹೇಳಿದ ದಿನಗಳನ್ನು ಪಾಲಿಸಿ. ಅದರ ಮೇಲೆ ನಮ್ಮದೊಂದು ನಿಯಮ: ಔಷಧ ಕೊಡದೆಯೇ 24 ಗಂಟೆ ಜ್ವರವಿಲ್ಲದೆ ಇರಬೇಕು, ಮಗು ಉಂಡು ಆಡುವಂತಿರಬೇಕು. ವೈದ್ಯರ ಚೀಟಿ ತನ್ನಿ ಎಂದು ಒತ್ತಾಯಿಸಬೇಡಿ. ಆ ಚೀಟಿಗಾಗಿ ತಾಯಿ ಇನ್ನೊಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ಕೂಸನ್ನು ಹೊತ್ತು ನಿಲ್ಲಬೇಕಾಗುತ್ತದೆ.

ಮರಳಿ ಬಂದ ದಿನ, ಮಗುವಿನ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ್’ ತರಲು ಹೇಳಿ, ತೆರೆದು ನೋಡಿ. ಪಿಡುಗಿನ ಗದ್ದಲದಲ್ಲಿ ತಪ್ಪಿಹೋಗುವುದು ಮಾಮೂಲಿ ಲಸಿಕೆಗಳು. ದಡಾರ–ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ 6, 10, 14 ವಾರಕ್ಕೆ. ತಪ್ಪಿದ್ದರೆ ಹತ್ತಿರದ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಲಸಿಕೆ ಹಾಕುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಆ ದಿನಾಂಕವನ್ನು ತಾಯಿಗೆ ಬರೆದುಕೊಡಿ. ಅವಳಿಗೆ ರಜೆ ಸಿಗದಿದ್ದರೆ, ಅವಳ ಒಪ್ಪಿಗೆ ಪಡೆದು, ಕಾರ್ಡನ್ನು ನಿಮ್ಮ ಬಳಿ ಇಟ್ಟುಕೊಂಡು ನೀವೇ ಮಗುವನ್ನು ಕರೆದುಕೊಂಡು ಹೋಗಿ ಬನ್ನಿ.